ತಾಮ್ರದ ಕೊಡ, ಕಲ್ಲಿನ ಬಿಲ್ಲೆ

ನಮ್ಮ ಓಣಿಗೆ ನಳದ ನೀರು ಬರುವ ದಿನ ಬೆಳಗ್ಗೆ ಯಾರೂ ಮನೆಯೊಳಗೆ ಕೂರುವುದಿಲ್ಲ. ಇಳಕಲ್ಲಿನಲ್ಲಿ ನನ್ನ ಅಂಗಳಕ್ಕೂ ಪಕ್ಕದ ಅಂಗಳಕ್ಕೂ ನಡುವೆ ಎದೆಮಟ್ಟದ ಒಂದು ಬೇಲಿ. ಕೆಳಗೆ ಗಣಿಯಿಂದ ಬಂದ ಕೆಂಪು ಕಲ್ಲಿನ ಚೂರುಗಳ ಸಾಲು, ಮೇಲೆ ಒಣಗಿದ ಜಾಲಿ. ಆಚೆ ಅಕ್ಕಾರ ನಳ, ಈಚೆ ನನ್ನದು. ಅಕ್ಕಾರು ನಲವತ್ತು ವರ್ಷ ಮಗ್ಗದಲ್ಲಿ ಕೂತವರು. ಈಗ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಮೊನ್ನೆ ತಾಮ್ರದ ಕೊಡವನ್ನು ನಳದ ಬುಡಕ್ಕಿಟ್ಟು, ಅದಕ್ಕೆ ಬೆನ್ನು ಮಾಡಿ, ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದರು. ನನ್ನ ಜತೆ ಮಾತಾಡುತ್ತಿದ್ದವರು ಮಾತು ನಿಲ್ಲಿಸದೆ ಕೈ ಹಿಂದಕ್ಕೆ ಚಾಚಿ ನಳ ತಿರುವಿದರು. ಹಣಿಕಿ ನೋಡಿದೆ. ನೀರು ಕೊಡದ ಕಂಠಕ್ಕೆ ಬಂದು ನಿಂತಿತ್ತು. ಒಂದು ಹನಿ ಚೆಲ್ಲಿರಲಿಲ್ಲ.

“ನೋಡದ ಹೆಂಗ ಗೊತ್ತಾತ್ರಿ?”

“ಸಪ್ಪಳ ಸಣ್ಣ ಆಗ್ತೈತಲ್ರಿ ಮಾಸ್ತರ. ಕೊಡ ತುಂಬಿದಂಗೆಲ್ಲ ದನಿ ಏರ್ತೈತಿ.”

ಹುನಗುಂದದ ಶಾಲೆಯಲ್ಲಿ ಮೂವತ್ತು ವರ್ಷ ಅನುರಣನದ ಪಾಠ ಮಾಡಿದವನು ನಾನು. ಶ್ರುತಿಕವೆ, ಗಾಜಿನ ಕೊಳವೆ, ನೀರು ಎಂದೆಲ್ಲ ಹೇಳಿಕೊಟ್ಟೆ. ಕೊಡದೊಳಗೆ ಉಳಿದ ಗಾಳಿ ಕಡಿಮೆಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಅಲೆ ಗಿಡ್ಡವಾಗುತ್ತದೆ, ಅಲೆ ಗಿಡ್ಡವಾದಷ್ಟೂ ದನಿ ಏರುತ್ತದೆ. ಇಡೀ ಪಾಠ ಇಷ್ಟೇ. ಆಮೇಲೆ ಅಕ್ಕಾರು ಕೇಳಿದ್ದು ಬೇರೆಯೇ ಮಾತು. ಅವರ ಮೊಮ್ಮಗ ಎಂ.ಎಸ್ಸಿ. ಮುಗಿಸಿ ದೂರದೂರಿನ ಪ್ರಯೋಗಾಲಯ ಸೇರಿದ್ದಾನೆ.

“ಅಲ್ರಿ ಮಾಸ್ತರ, ನಮ್ಮ ಹುಡುಗ ಫೋನಿನ್ಯಾಗ ಏನೇನೋ ಹೇಳ್ತಾನ. ಕಲ್ಲಿನ ಬಿಲ್ಲಿಯೊಳಗ ಅಲಿ ಕೂಡಿಹಾಕಾಕತ್ತೀನಿ ಅಂತಾನ. ಕಲ್ಲಿನ್ಯಾಗ ಅಲಿ ಹೆಂಗ ಕೂಡ್ತೈತಿ? ನೀವು ಕಲಿಸಿದವರು, ಬಿಡಿಸಿ ಹೇಳ್ರಿ.”

ಹುಡುಗ ಮಾಡುತ್ತಿರುವುದು ಎಲೆಕ್ಟ್ರಾನ್ ಕಾಂತೀಯ ಅನುರಣನದ ಕೆಲಸ, ಅದರಲ್ಲೂ ಬಲು ಎತ್ತರದ ಕಂಪನಾಂಕದ್ದು. ಆ ಬಿಲ್ಲೆಗೆ ಡೈಎಲೆಕ್ಟ್ರಿಕ್ ರೆಸೊನೇಟರ್ ಅಂತ ಹೆಸರು. ಬೇಲಿಯ ಮೇಲೆ ಮೊಣಕೈ ಊರಿ ನಾಲ್ಕು ನೀರಿನ ದಿನ ಇದನ್ನೇ ಮಾತಾಡಿದೆವು. ಅಕ್ಕಾರಿಗೆ ಹೇಳುತ್ತ ಹೇಳುತ್ತ ನನಗೂ ಎಷ್ಟೋ ತಿಳಿಯಾಯಿತು.

ಮೊದಲು ಜೋಕಾಲಿಯ ಮಾತು ತೆಗೆದೆ. ಪಂಚಮಿಗೆ ನಮ್ಮ ಕಡೆ ಬೇವಿನ ಮರಕ್ಕೆ ಜೋಕಾಲಿ ಕಟ್ಟದ ಊರಿಲ್ಲ. ಜೋಕಾಲಿಗೆ ತನ್ನದೇ ಲಯ ಇದೆ, ಅದನ್ನು ಹಗ್ಗದ ಉದ್ದ ಗೊತ್ತುಮಾಡುತ್ತದೆ. ಲಯ ನೋಡಿ ತಳ್ಳಿದರೆ ಸಣ್ಣ ಹುಡುಗಿಯ ಕೈಬಲಕ್ಕೂ ಮುಗಿಲು ಮುಟ್ಟುತ್ತದೆ, ಲಯ ತಪ್ಪಿ ತಳ್ಳಿದರೆ ಪೈಲ್ವಾನನ ಬಲವೂ ದಂಡ. ಎಲೆಕ್ಟ್ರಾನ್ ಕೂಡ ಒಂದು ಪುಟ್ಟ ಅಯಸ್ಕಾಂತ. ಅಯಸ್ಕಾಂತ ಕ್ಷೇತ್ರದಲ್ಲಿಟ್ಟರೆ ಅದಕ್ಕೂ ಒಂದು ಲಯ ಬರುತ್ತದೆ. ಇಲ್ಲಿ ಹಗ್ಗದ ಕೆಲಸ ಮಾಡುವುದು ಕ್ಷೇತ್ರದ ಬಲ. 1 ಟೆಸ್ಲಾ ಕ್ಷೇತ್ರದಲ್ಲಿ ಒಂಟಿ ಎಲೆಕ್ಟ್ರಾನಿನ ಲಯ ಸೆಕೆಂಡಿಗೆ ಸುಮಾರು 2,800 ಕೋಟಿ, ಅಂದರೆ 28 ಗಿಗಾಹರ್ಟ್ಸ್. ಅದೇ ಲಯದ ರೇಡಿಯೊ ಅಲೆಯನ್ನು ಹಾಯಿಸಿದರೆ ಎಲೆಕ್ಟ್ರಾನ್ ಅದರಿಂದ ತುಸು ಶಕ್ತಿ ಹೀರಿ ಮಗ್ಗುಲು ಬದಲಿಸುತ್ತದೆ. ಹೀರಿದ್ದು ಎಷ್ಟು, ಯಾವ ಲಯದಲ್ಲಿ ಎಂದು ನೋಡಿದರೆ ಆ ಎಲೆಕ್ಟ್ರಾನ್ ಯಾರ ಮನೆಯದು, ಅದರ ನೆರೆಹೊರೆ ಯಾರು ಎಂಬುದೆಲ್ಲ ಹೊರಬೀಳುತ್ತದೆ.

“ಎಲ್ಲಾ ಎಲೆಕ್ಟ್ರಾನೂ ಹಂಗ ಮಾತಾಡ್ತಾವೇನು?”

ಇಲ್ಲ. ಹೆಚ್ಚಿನವು ಜೋಡಿಯಾಗಿ ಇರುತ್ತವೆ. ಒಂದರ ಕಾಂತತೆಯನ್ನು ಇನ್ನೊಂದು ಅಳಿಸಿಬಿಡುತ್ತದೆ. ಒಂಟಿಯಾಗಿ ಉಳಿದವು ಮಾತ್ರ ದನಿ ಕೊಡುತ್ತವೆ. ನಮ್ಮ ಜಿಲ್ಲೆಯ ಕಲ್ಲುಗಳಲ್ಲಿ ಅಂಥವಕ್ಕೆ ಬರವಿಲ್ಲ. ಬಾದಾಮಿಯ ಮರಳುಗಲ್ಲನ್ನು ಕೆಂಪು ಮಾಡಿದ್ದು ಕಬ್ಬಿಣ. ಆ ಕಬ್ಬಿಣದ ಒಂದೊಂದು ಅಯಾನಿನಲ್ಲೂ ಐದು ಒಂಟಿ ಎಲೆಕ್ಟ್ರಾನ್. ಬಾಗಲಕೋಟೆಯ ಸಿಮೆಂಟಿಗೆ ಹೋಗುವ ಸುಣ್ಣಕಲ್ಲಿನ ಜಾತಿಯಲ್ಲಿ ಸಾಮಾನ್ಯವಾಗಿ ತುಸು ಮ್ಯಾಂಗನೀಸ್ ಬೆರೆತಿರುತ್ತದೆ. ಮ್ಯಾಂಗನೀಸು ಈ ಯಂತ್ರದಲ್ಲಿ ಸಾಲಾಗಿ ಆರು ಗೆರೆ ಎಳೆಯುತ್ತದೆ, ಅದರ ಹೆಬ್ಬೆಟ್ಟಿನ ಗುರುತೇ ಅದು. ಅದೇ ಜಾತಿಯ ಕಲ್ಲಿನ ಚಿಟಿಕೆ ಪುಡಿಯ ಆ ಆರು ಗೆರೆಗಳನ್ನು ನಾನು ಒಮ್ಮೆ ಕಾಗದದ ಮೇಲೆ ನೋಡಿದ್ದೇನೆ. ಊರ ಹೊರಗಿನ ಗುಡ್ಡ ತಾನೇ ಸಹಿ ಹಾಕಿದಂತಿತ್ತು. ಬೆಣಚುಕಲ್ಲಿನ ಕಣಗಳಲ್ಲಿ ಸುತ್ತಲಿನ ನೆಲದ ವಿಕಿರಣಕ್ಕೆ ಸಿಕ್ಕು ಕೂತ ಎಲೆಕ್ಟ್ರಾನ್‌ಗಳ ಪ್ರಮಾಣ ಅಳೆದು, ಆ ಮಣ್ಣು ಎಷ್ಟು ಕಾಲದಿಂದ ಅಲ್ಲಿ ಬಿದ್ದಿದೆ ಎಂದು ಲೆಕ್ಕಹಾಕುವವರೂ ಇದ್ದಾರೆ.

ಈ ದನಿಯನ್ನು ಮೊದಲು ಕೇಳಿಸಿಕೊಂಡವರು ಯೆವ್ಗೆನಿ ಜವೊಯ್‌ಸ್ಕಿ. 1944ರಲ್ಲಿ, ಯುದ್ಧದ ನಡುವೆ, ರಷ್ಯಾದ ಕಜಾನ್ ನಗರದಲ್ಲಿ. ಅವರು ನೋಡಿದ್ದು ತಾಮ್ರ, ಮ್ಯಾಂಗನೀಸುಗಳ ಲವಣ. ಯುದ್ಧ ಮುಗಿದ ಮೇಲೆ ರೇಡಾರಿಗೆಂದು ಮಾಡಿದ ಮೈಕ್ರೊವೇವ್ ಉಪಕರಣಗಳು ಪ್ರಯೋಗಾಲಯಗಳಿಗೆ ಬಂದವು, ಕೆಲಸ ಎಲ್ಲ ಕಡೆ ಹಬ್ಬಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1987ರಲ್ಲಿ ಇದೇ ಬಗೆಯ ಯಂತ್ರದಲ್ಲಿ ಒಂದು ಸೊಗಸಾದ ಕೆಲಸ ನಡೆಯಿತು. ಆಗ ತಾನೇ ಹೊಸ ಅತಿವಾಹಕಗಳ ಗದ್ದಲ ಎದ್ದಿತ್ತು. ಎಸ್. ವಿ. ಭಟ್, ಪಿ. ಗಂಗೂಲಿ, ಟಿ. ವಿ. ರಾಮಕೃಷ್ಣನ್, ಸಿ. ಎನ್. ಆರ್. ರಾವ್ ಅವರು ಇಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡನ್ನು ಒಳಗಿಟ್ಟು ತಣಿಸಿದಾಗ, ಕ್ಷೇತ್ರ ಸೊನ್ನೆಯ ಹತ್ತಿರ ಇರುವಾಗಲೇ ಅದು ಮೈಕ್ರೊವೇವನ್ನು ಜೋರಾಗಿ ಹೀರುವುದು ಕಂಡಿತು. ಒಂಟಿ ಎಲೆಕ್ಟ್ರಾನಿಗೆ ಕಿವಿಗೊಡಲು ಇಟ್ಟ ಯಂತ್ರ ಅತಿವಾಹಕವನ್ನೇ ಗುರುತಿಸಿತು. ಯಂತ್ರ ಹಳೆಯದಾದರೂ ಕಿವಿ ಹೊಸದಿದ್ದರೆ ಎಂಥ ಕೆಲಸ ಆಗುತ್ತದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಇದನ್ನು ಎಷ್ಟೋ ಸಲ ಹೇಳಿದ್ದೆ.

ಸರಿ, ಈ ಯಂತ್ರದಲ್ಲಿ ಕೊಡ ಎಲ್ಲಿ ಬಂತು?

ಎಲೆಕ್ಟ್ರಾನ್ ಹೀರುವ ಶಕ್ತಿ ಬಲು ಕಡಿಮೆ. ಅಲೆ ಒಂದೇ ಸಲ ಹಾದುಹೋದರೆ ಏನೂ ಗೊತ್ತಾಗುವುದಿಲ್ಲ. ಅದನ್ನು ಒಂದು ಪಾತ್ರೆಯಲ್ಲಿ ಕೂಡಿಹಾಕಿ ಸಾವಿರಾರು ಸಲ ಅತ್ತಿಂದಿತ್ತ ಓಡಾಡಿಸಬೇಕು. ಪ್ರತಿ ಓಡಾಟದಲ್ಲೂ ಕಣದಷ್ಟು ಕಳೆದರೆ ಕೊನೆಗೆ ಲೆಕ್ಕಕ್ಕೆ ಸಿಗುವಷ್ಟು ಆಗುತ್ತದೆ. ರೂಢಿಯ ಯಂತ್ರಗಳು 9.5 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. ಅಲೆಯ ಉದ್ದ 3 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು, ಅದಕ್ಕೆ ಬೇಕಾದ ಕ್ಷೇತ್ರ 0.34 ಟೆಸ್ಲಾ. ಪಾತ್ರೆ ಲೋಹದ್ದು, ಒಂದು ಸಣ್ಣ ಡಬ್ಬಿಯಷ್ಟು. ಅಕ್ಕಾರ ಕೊಡದ ತಮ್ಮ ಎನ್ನಬಹುದು.

“ಅಷ್ಟು ಚಲೋ ನಡದಿದ್ರ ಮತ್ತ ಮ್ಯಾಲ ಯಾಕ ಹೋಗ್ಬೇಕ್ರಿ?”

ಅಕ್ಕಾರಿಗೆ ಸೀರೆಯನ್ನೇ ಹೇಳಿದೆ. ಎರಡು ಕೆಂಪು ಎಳೆ ಇವೆ, ಬಣ್ಣದ ಬಾನಿಯಲ್ಲಿ ಒಂದು ಅರ್ಧ ಗಳಿಗೆ ಹೆಚ್ಚು ಮುಳುಗಿತ್ತು. ಸಂಜೆಯ ದೀಪದಲ್ಲಿ ಎರಡೂ ಒಂದೇ. ನಡುಹಗಲ ಬಿಸಿಲಿಗೆ ಹಿಡಿದರೆ ಎರಡೂ ಬೇರೆ. ಇಲ್ಲಿ ಬಿಸಿಲಿನ ಕೆಲಸವನ್ನು ಕ್ಷೇತ್ರ ಮಾಡುತ್ತದೆ. ಎರಡು ಎಲೆಕ್ಟ್ರಾನ್‌ಗಳ ಲಯದಲ್ಲಿ ಸಾವಿರಕ್ಕೆ ಎರಡರಷ್ಟು ವ್ಯತ್ಯಾಸ ಇದೆ ಅನ್ನಿ. 0.34 ಟೆಸ್ಲಾದಲ್ಲಿ ಅವುಗಳ ಗೆರೆಗಳ ನಡುವಿನ ಅಂತರ 0.7 ಮಿಲಿಟೆಸ್ಲಾ; ಗೆರೆಗಳೇ ಅದಕ್ಕಿಂತ ದಪ್ಪಗಿದ್ದರೆ ಎರಡೂ ಕಲಸಿಹೋಗುತ್ತವೆ. 95 ಗಿಗಾಹರ್ಟ್ಸಿಗೆ ಏರಿ 3.4 ಟೆಸ್ಲಾಕ್ಕೆ ಹೋದರೆ ಅದೇ ಅಂತರ ಹತ್ತು ಪಟ್ಟು ಬಿಚ್ಚಿಕೊಳ್ಳುತ್ತದೆ. ಇನ್ನು ಕೆಲವು ಲೋಹದ ಅಯಾನುಗಳು ಕೆಳಗಿನ ಕಂಪನಾಂಕದಲ್ಲಿ ಬಾಯಿಯನ್ನೇ ಬಿಡುವುದಿಲ್ಲ, ನಿಕ್ಕಲ್ ಹಾಗೆ ಮಾಡುತ್ತದೆ. ಅವುಗಳ ಮಾತು ಬೇಕಾದರೆ ಮೇಲೆ ಹೋಗಲೇಬೇಕು. ಹೀಗೆಂದು 95ಕ್ಕೆ, ಅಲ್ಲಿಂದ 285 ಗಿಗಾಹರ್ಟ್ಸಿಗೆ, ಅದರಾಚೆಗೂ ಹತ್ತಿದರು. 285ಕ್ಕೆ ಹತ್ತು ಟೆಸ್ಲಾಕ್ಕಿಂತ ಮೇಲೆ ಕ್ಷೇತ್ರ ಬೇಕು. ಆಸ್ಪತ್ರೆಯ ಎಂಆರ್‌ಐ ಯಂತ್ರಗಳು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದವು. ನಾವು ನಿಂತ ನೆಲದ ಕಾಂತಕ್ಷೇತ್ರ ಸುಮಾರು 0.00004 ಟೆಸ್ಲಾ. ಹತ್ತು ಟೆಸ್ಲಾದಂಥ ದೊಡ್ಡ ಕ್ಷೇತ್ರಕ್ಕೆ ದ್ರವ ಹೀಲಿಯಂನಲ್ಲಿ ಮುಳುಗಿಸಿದ ಅತಿವಾಹಕ ಸುರುಳಿ ಬೇಕಾಗುತ್ತದೆ. ದುಡ್ಡು ಬೇಕು ಅಷ್ಟೇ, ಅದು ಆಗುವ ಕೆಲಸ. ಎಡವಿದ್ದು ಪಾತ್ರೆಯ ಹತ್ತಿರ.

95 ಗಿಗಾಹರ್ಟ್ಸಿನ ಅಲೆಯ ಉದ್ದ 3 ಮಿಲಿಮೀಟರ್ ಚಿಲ್ಲರೆ. ಪಾತ್ರೆಯೂ ಅದಕ್ಕೆ ತಕ್ಕ ಹಾಗೆ ಕುಗ್ಗಬೇಕು. ಸಿಲಿಂಡರಿನ ಅಗಲ ಸುಮಾರು 4 ಮಿಲಿಮೀಟರ್. ಒಂದು ಬಿಳಿಜೋಳದ ಕಾಳು. 285ಕ್ಕೆ ಹೋದರೆ ಸಾಸಿವೆಯ ಅಳತೆ. ಜೋಳದ ಕಾಳಿನೊಳಗೆ ನುಣುಪಾದ ತಾಮ್ರದ ಕೊಡ ಕೊರೆಯಬೇಕು. ಅದಕ್ಕೆ ಅಲೆ ಬರಲು ಒಂದು ಕಿಂಡಿ, ವಸ್ತು ಇಳಿಸಲು ಇನ್ನೊಂದು ಕಿಂಡಿ ಬೇಕು. ಅದಕ್ಕಿಂತ ದೊಡ್ಡ ಪೀಡೆ ಲೋಹದ ಸ್ವಭಾವದ್ದೇ. ಅಲೆ ಲೋಹದ ಗೋಡೆಗೆ ತಾಗಿದಾಗ ಗೋಡೆಯ ಮೇಲ್ಚರ್ಮದಲ್ಲಿ ವಿದ್ಯುತ್ತು ಹರಿಯುತ್ತದೆ, ಹರಿಯುತ್ತ ಬಿಸಿಯಾಗಿ ಕಳೆದುಹೋಗುತ್ತದೆ. ಕಂಪನಾಂಕ ಏರಿದಷ್ಟೂ ಆ ಚರ್ಮ ತೆಳುವಾಗುತ್ತದೆ. 95 ಗಿಗಾಹರ್ಟ್ಸಿನಲ್ಲಿ ತಾಮ್ರದ ಚರ್ಮ ಒಂದು ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲು. ಅಷ್ಟು ತೆಳುವಿನಲ್ಲಿ ಒಂದು ಗೀರು, ಒಂದು ಕಣ ಕಿಲುಬು ಇದ್ದರೂ ಅಲೆ ಸೋರುತ್ತದೆ. ಸಾಲದ್ದಕ್ಕೆ, ದನಿಯನ್ನು ಗದ್ದಲದಿಂದ ಬೇರೆ ಮಾಡಲು ಅಯಸ್ಕಾಂತ ಕ್ಷೇತ್ರವನ್ನು ಸೆಕೆಂಡಿಗೆ ಲಕ್ಷ ಸಲ ತುಸು ತುಸು ಅಲುಗಿಸುತ್ತಾರೆ; ದಪ್ಪ ಲೋಹದ ಗೋಡೆ ಅದನ್ನೂ ಒಳಗೆ ಬಿಡುವುದಿಲ್ಲ. ಬೆಳಕು ಬಿಟ್ಟು ನೋಡಬೇಕೆಂದರೆ ಅದಕ್ಕೂ ಅಡ್ಡ.

ಅಕ್ಕಾರು ಸೊಪ್ಪು ಕೈಬಿಟ್ಟು ಕೇಳುತ್ತಿದ್ದರು. “ಹಂಗಾದ್ರ ತಾಮ್ರ ಸೋತಂಗಾತು.”

ಸೋತಿತು. ಅಲ್ಲಿ ಕೈಹಿಡಿದಿದ್ದು ಕಲ್ಲು. ಈ ಮಾತು ಬಂದಾಗ ನನ್ನ ಮನಸ್ಸು ಎಲ್ಲಿಗೆ ಹೋಯಿತು ಎಂದರೆ ವಿಜಯಪುರಕ್ಕೆ.

1997ರ ತನಕ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ಬಿಜಾಪುರ ಜಿಲ್ಲೆಯೇ. ಶಾಲೆಯ ಟ್ರಿಪ್ ಅಂದರೆ ಮೊದಲು ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಮೇಲೆ ಹತ್ತಿ ಒಳಗಿನ ಮೊಗಸಾಲೆಗೆ ಕಾಲಿಟ್ಟ ಕೂಡಲೇ ಮಕ್ಕಳು ಕೂಗಿ ಕೂಗಿ ಮಾರ್ದನಿ ಎಣಿಸುತ್ತಿದ್ದರು. ನನಗೆ ಇಷ್ಟವಾಗುತ್ತಿದ್ದುದು ಕೂಗಲ್ಲ, ಪಿಸುಮಾತು. ಒಬ್ಬ ಹುಡುಗನನ್ನು ಈ ಕಡೆ ಗೋಡೆಗೆ ಬಾಯಿ ಹಚ್ಚಿ ನಿಲ್ಲಿಸಿ, ಇನ್ನೊಬ್ಬನನ್ನು ಎದುರು ಬದಿಗೆ ಕಳಿಸುತ್ತಿದ್ದೆ. ಈತ ಉಸಿರಿನಷ್ಟು ಮೆಲ್ಲಗೆ ಹೆಸರು ಹೇಳಿದರೆ ಆಚೆ ನಿಂತವನು ಬೆಚ್ಚಿ ತಿರುಗುತ್ತಿದ್ದ, ಯಾರೋ ಕಿವಿಯಲ್ಲೇ ಹೇಳಿದ ಹಾಗೆ. ನಡುವಿನ ಬಯಲಲ್ಲಿ ತೂಗುಹಾಕಿದ ಕಿವಿ ಇದ್ದರೆ ಅದಕ್ಕೆ ಏನೂ ಕೇಳುತ್ತಿರಲಿಲ್ಲ.

ಇಂಥ ಪಿಸುಮಾತಿನ ಮೊಗಸಾಲೆಯ ಗುಟ್ಟನ್ನು ಬಿಡಿಸಿದವರು ಇಂಗ್ಲೆಂಡಿನ ಲಾರ್ಡ್ ರೇಲಿ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಅವರ ಎದುರಿಗಿತ್ತು. ದನಿ ಮೇಲಿನ ಗುಮ್ಮಟಕ್ಕೆ ತಾಗಿ ಮರಳಿ ಎದುರು ಬದಿಗೆ ಹೋಗಿ ಸೇರುತ್ತದೆ ಎಂದು ಅದಕ್ಕೆ ಮೊದಲು ನಂಬಿದ್ದರು. ಇಲ್ಲ, ಅದು ಗೋಡೆ ಬಿಡದೆ ತೆವಳುತ್ತದೆ ಎಂದರು ರೇಲಿ. ಬಾಗಿದ ಗೋಡೆಗೆ ಸವರಿದಂತೆ ತಾಗಿ, ಮತ್ತೆ ಮುಂದೆ ತಾಗಿ, ಹೀಗೆ ಗೋಡೆಗಂಟಿದ ಒಂದು ತೆಳು ಪಟ್ಟಿಯಲ್ಲೇ ಓಡುತ್ತದೆ. ತೋರಿಸಲು ಅವರು ತಗಡನ್ನು ಅರ್ಧಚಂದ್ರದಂತೆ ಬಗ್ಗಿಸಿ ನಿಲ್ಲಿಸಿದರು. ಒಂದು ತುದಿಯಲ್ಲಿ ಹಕ್ಕಿಯ ದನಿ ಮಾಡುವ ಸಣ್ಣ ಸೀಟಿ, ಇನ್ನೊಂದು ತುದಿಯಲ್ಲಿ ಸದ್ದಿಗೆ ಬೆದರುವ ದೀಪದ ಕುಡಿ. ಸೀಟಿ ಊದಿದರೆ ಕುಡಿ ಬೆದರುತ್ತಿತ್ತು. ತಗಡಿನ ಒಳಮೈಗೆ ಒಂದು ಕಿರಿದಾದ ಅಡ್ಡಪಟ್ಟಿ ಹಚ್ಚಿದರೆ ಕುಡಿ ಶಾಂತವಾಗುತ್ತಿತ್ತು. ಅಷ್ಟು ಸಣ್ಣ ಅಡ್ಡಿಗೇ ದನಿ ಸತ್ತಿತು ಎಂದರೆ, ದನಿ ಇದ್ದದ್ದು ಗೋಡೆಯ ಮೈಯಲ್ಲೇ.

1921ರಲ್ಲಿ ನಮ್ಮ ಸಿ. ವಿ. ರಾಮನ್ ಇಂಗ್ಲೆಂಡಿಗೆ ಹೋದಾಗ ಅದೇ ಸೇಂಟ್ ಪಾಲ್ಸ್ ಗುಮ್ಮಟದಡಿ ಸದರ್‌ಲ್ಯಾಂಡ್ ಎಂಬವರ ಜತೆ ನಿಂತು ಆ ಪಿಸುಮಾತನ್ನು ಅಳೆದರು. ಗೋಡೆಯಿಂದ ದೂರ ಸರಿಯುತ್ತ ಹೋದ ಹಾಗೆ ದನಿ ಬರೀ ಕುಗ್ಗುವುದಿಲ್ಲ, ಏರಿಳಿಯುತ್ತದೆ ಎಂದು ಕಂಡರು. ಬೆಳಕಿನ ಕೆಲಸಕ್ಕೆ ನೊಬೆಲ್ ಬರುವ ಎಷ್ಟೋ ವರ್ಷ ಮೊದಲು, 1933ರಲ್ಲಿ ಬೆಂಗಳೂರಿನ ಸಂಸ್ಥೆಯ ಚುಕ್ಕಾಣಿ ಹಿಡಿಯುವ ಮೊದಲು, ಅವರ ಕಿವಿ ಹೀಗೆ ಗೋಡೆಗೆ ಹತ್ತಿತ್ತು ಎಂಬುದು ನನಗೆ ಬಲು ಪ್ರೀತಿಯ ಸಂಗತಿ.

ಈಗ ಗುಮ್ಮಟವನ್ನು ಕುಗ್ಗಿಸಿ ಕುಗ್ಗಿಸಿ ಒಂದು ಗುಂಡಿಯಷ್ಟು ಮಾಡಿ. ಒಳಗೆ ಗಾಳಿಯ ಬದಲು ಗಟ್ಟಿ ಕಲ್ಲು ತುಂಬಿ. ದನಿಯ ಬದಲು ಮಿಲಿಮೀಟರ್ ಅಲೆ ಬಿಡಿ. ಇದೇ ಹುಡುಗನ ಬಿಲ್ಲೆ. ವಿದ್ಯುತ್ ಹರಿಯಗೊಡದ, ಆದರೆ ಅಲೆಯನ್ನು ಒಳಗೆ ಬಿಟ್ಟುಕೊಳ್ಳುವ ವಸ್ತುಗಳಿಗೆ ಡೈಎಲೆಕ್ಟ್ರಿಕ್ ಎಂದು ಹೆಸರು. ಬೆಣಚುಕಲ್ಲು, ನೀಲಮಣಿ, ಕೆಲವು ಸುಟ್ಟ ಮಣ್ಣಿನ ಬಿಲ್ಲೆಗಳು, ಪ್ಲಾಸ್ಟಿಕ್ ಕೂಡ. ಅವುಗಳೊಳಗೆ ಅಲೆ ನಿಧಾನವಾಗುತ್ತದೆ, ಗಿಡ್ಡವಾಗುತ್ತದೆ. ನೀಲಮಣಿಯಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಅಂಚನ್ನು ಓರೆಯಾಗಿ ಬಂದು ತಾಗಿದ ಅಲೆ ಹೊರಗೆ ದಾಟಲಾರದೆ ಒಳಕ್ಕೇ ಮರಳುತ್ತದೆ. ಬಾವಿಯ ತಳದಿಂದ ಓರೆಯಾಗಿ ಮೇಲೆ ನೋಡಿದರೆ ನೀರಿನ ಮೈ ಕನ್ನಡಿಯಾಗುವುದೂ ಇದರಿಂದಲೇ. ಲೋಹ ಬೇಕೇ ಇಲ್ಲ. ಬರೀ ಕಲ್ಲಿನ ತುಂಡು ತಾನೇ ಪಾತ್ರೆಯಾಗಬಲ್ಲದು ಎಂದು ರಿಚ್‌ಮೈಯರ್ 1939ರಲ್ಲೇ ಲೆಕ್ಕಮಾಡಿ ಬರೆದಿದ್ದರು; ಡೈಎಲೆಕ್ಟ್ರಿಕ್ ರೆಸೊನೇಟರ್ ಎಂಬ ಹೆಸರೂ ಅವರದೇ. ಅದನ್ನು ಪಿಸುಮಾತಿನ ಮೊಗಸಾಲೆಯ ರೀತಿಯಲ್ಲಿ ಎತ್ತರದ ಕಂಪನಾಂಕದ ಎಲೆಕ್ಟ್ರಾನ್ ಅನುರಣನಕ್ಕೆ ಹೊಂದಿಸಿ ಬೆಳೆಸಿದ್ದು 1990ರ ದಶಕದಿಂದ ಇಟಲಿಯ ಪೀಸಾ ನಗರದ ಅನ್ನಿನೊ, ಕಸೆಟ್ಟಾರಿ, ಮಾರ್ಟಿನೆಲ್ಲಿ ಮತ್ತು ಅವರ ಜತೆಗಾರರು.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಳತೆಯ ಮಾತು. ಲೋಹದ ಪಾತ್ರೆ ಜೋಳದ ಕಾಳಿಗೆ ಕುಗ್ಗಲೇಬೇಕಿತ್ತು. ಕಲ್ಲಿನ ಬಿಲ್ಲೆ ಹಾಗಲ್ಲ. ಅಂಚಿನ ಸುತ್ತ ಎಷ್ಟು ಅಲೆ ಬೇಕಾದರೂ ಹಿಡಿಯಬಹುದು, ಹತ್ತೋ ಇಪ್ಪತ್ತೋ ಮೂವತ್ತೋ. ಹಾಗಾಗಿ ಬಿಲ್ಲೆ ಬೆರಳಿಗೆ ಸಿಗುವಷ್ಟು ದೊಡ್ಡದೇ ಇರಬಹುದು. ಒಂದೇ ಕಟ್ಟಳೆ: ಸುತ್ತು ಮುಗಿಸಿದಾಗ ಅಲೆಯ ತಲೆ ಅದರ ಬಾಲಕ್ಕೆ ಸರಿಯಾಗಿ ಕೂಡಬೇಕು. ಅಕ್ಕಾರಿಗೆ ಇದನ್ನು ಬಿಡಿಸುವ ಕೆಲಸವೇ ಬೀಳಲಿಲ್ಲ. ಚಿಕ್ಕಿ ಅಂಚನ್ನು ಬಳೆಯ ಸುತ್ತ ಸುತ್ತಿದರೆ ಕೊನೆಯ ಚಿಕ್ಕಿ ಅರ್ಧ ತುಂಡಾಗಬಾರದು, ಲೆಕ್ಕ ಇಟ್ಟು ನೇಯಬೇಕು ಎಂದು ಅವರೇ ಹೇಳಿದರು.

“ಸರಿ ಮಾಸ್ತರ. ಗೋಡಿನೂ ಇಲ್ಲ, ಕಿಂಡಿನೂ ಇಲ್ಲ. ಒಳಗ ಅಲಿ ಹೋಗೂದು ಹೆಂಗ?”

ಬೇಲಿಯನ್ನು ತೋರಿಸಿದೆ. ಹೋಗುವುದು ಹೀಗೇ.

ಒಳಕ್ಕೆ ಮರಳುವ ಅಲೆ ಅಂಚಿಗೆ ಬಂದಾಗ ಅಲ್ಲೇ ಕಡಿದುಹೋಗುವುದಿಲ್ಲ. ತುಸು ಹೊರಚಾಚಿ, ಕೂದಲೆಳೆಯಷ್ಟು ದೂರದಲ್ಲಿ ಮಸುಕಾಗುತ್ತದೆ. ಒಲೆಯ ಕಾವು ಒಲೆಯಿಂದ ತುಸು ಈಚೆ ಇದ್ದ ಹಾಗೆ. ಬಿಲ್ಲೆಯ ಪಕ್ಕಕ್ಕೆ, ಮುಟ್ಟದಂತೆ, ಅಲೆ ಒಯ್ಯುವ ಸಣ್ಣ ಕಡ್ಡಿಯೊಂದನ್ನು ಹಾಯಿಸುತ್ತಾರೆ. ಕಡ್ಡಿಯಿಂದ ಚಾಚಿದ ಕಾವು ಬಿಲ್ಲೆಯಿಂದ ಚಾಚಿದ ಕಾವನ್ನು ಸೋಕಿದರೆ ಅಲೆ ಈಚೆಯಿಂದ ಆಚೆಗೆ ದಾಟುತ್ತದೆ. ಎಲ್ಲ ಇರುವುದು ಅಂತರದಲ್ಲಿ. ತೀರ ಹತ್ತಿರ ಇಟ್ಟರೆ ಹೋದ ಅಲೆ ನಿಲ್ಲದೆ ವಾಪಸು ಸೋರುತ್ತದೆ. ತೀರ ದೂರ ಇಟ್ಟರೆ ಒಳಗೆ ಹೋಗುವುದೇ ಇಲ್ಲ. ನಡುವೆ ಒಂದು ನೆಲೆ ಇದೆ. ಅಲ್ಲಿ ಕಡ್ಡಿಯಲ್ಲಿ ಬಂದಷ್ಟೂ ಬಿಲ್ಲೆಯೊಳಗೆ ಇಳಿದು, ಕಡ್ಡಿಯ ಆಚೆ ತುದಿಗೆ ಮೌನ. ಆ ಮೌನದಲ್ಲಿ ಎಲೆಕ್ಟ್ರಾನ್ ಒಂದು ಗುಟುಕು ಹೀರಿದರೂ ಸಮತೂಕ ತಪ್ಪಿ ಆಚೆ ತುದಿಯಲ್ಲಿ ಸದ್ದಾಗುತ್ತದೆ. ನೋಡಬೇಕಾದ ವಸ್ತುವನ್ನೂ ಬಿಲ್ಲೆಯ ಅಂಚಿನ ಹತ್ತಿರ, ಆ ಹೊರಚಾಚಿದ ಕಾವಿನಲ್ಲೇ ಇಡುತ್ತಾರೆ. ಬಯಲಲ್ಲಿ ಇದ್ದಂತೆಯೇ, ಬೆಳಕು ಬಿಡಬಹುದು, ಕ್ಷೇತ್ರ ಅಲುಗಿಸಬಹುದು, ತಣಿಸಬಹುದು.

ಅಕ್ಕಾರು ತಲೆದೂಗಿ, ಮಗ್ಗದ ಕೊಂಡಿಯ ಮಾತು ತೆಗೆದರು. ಇಳಕಲ್ ಸೀರೆಯ ಹೆಚ್ಚುಗಾರಿಕೆ ಅದೇ. ಮೈಯ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಒಂದೊಂದು ಎಳೆಯನ್ನೂ ಕುಣಿಕೆಯಲ್ಲಿ ಕುಣಿಕೆ ಸಿಕ್ಕಿಸಿ ಸೇರಿಸುತ್ತಾರೆ. ಕೊಂಡಿ ಬಿದ್ದರೆ ತೋಪು ತೆನಿಯ ಸೆರಗು ಮೈಗೆ ಕೂಡುತ್ತದೆ. “ನಮ್ಮದು ಮುಟ್ಟಿಸಿ ಹಾಕೋ ಕೊಂಡಿ. ಅವಂದು ಮುಟ್ಟಿಸದ ಹಾಕೋ ಕೊಂಡಿ” ಎಂದರು. ಪುಸ್ತಕಗಳಲ್ಲಿ ‘ಕಪ್ಲಿಂಗ್’ ಎಂದು ಓದುತ್ತ ಬಂದ ನನಗೆ ಆ ಗಳಿಗೆಯಿಂದ ಅದು ಕೊಂಡಿಯೇ.

ಮೂರನೆಯ ನೀರಿನ ದಿನ ಅವರು ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿದ್ದೆ. ಬೇಲಿಯ ಬುಡದ ಕೆಂಪು ಕಲ್ಲಿನ ಮೇಲೆ ಕೈಯಿಟ್ಟು, “ಇಷ್ಟು ಕಲ್ಲೈತಿ ನಮ್ಮಲ್ಲೆ. ಇದರಾಗ ಮಾಡಾಕ ಬರಂಗಿಲ್ಲೇನು?” ಎಂದರು.

ನಮ್ಮ ಗ್ರಾನೈಟ್ ದೇಶ ವಿದೇಶದ ಮನೆಗಳ ನೆಲಕ್ಕೆ ಹೋಗುತ್ತದೆ, ಮನಸ್ಸಿಗೆ ಹೌದು ಅನ್ನುವ ಆಸೆ. ಆದರೆ ಈ ಕೆಲಸಕ್ಕೆ ಆಗದು. ಗ್ರಾನೈಟ್ ಒಂದು ಕಲ್ಲಲ್ಲ; ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕದಂಥ ಕಪ್ಪು ಖನಿಜ ಹರಳುಹರಳಾಗಿ ಹೆಣೆದುಕೊಂಡ ಗುಂಪು. ಮಿಲಿಮೀಟರ್ ಅಲೆಗೆ ಆ ಹರಳುಗಳು ಹೊಲದ ಹೆಂಟೆಗಳಷ್ಟು ದೊಡ್ಡವು. ಒಂದೊಂದು ಗಡಿಯಲ್ಲೂ ಅಲೆ ಚದುರುತ್ತದೆ. ಬಾದಾಮಿಯ ಮರಳುಗಲ್ಲಂತೂ ಕಣ ಕಣ ಸೇರಿದ್ದು, ನಡುವೆ ರಂಧ್ರ, ರಂಧ್ರದಲ್ಲಿ ತೇವ. ನೀರು ಈ ಅಲೆಗಳ ಮಹಾ ಶತ್ರು, ಸಿಕ್ಕಷ್ಟನ್ನೂ ಕುಡಿದುಬಿಡುತ್ತದೆ. ಮೇಲೆ ಆ ಕೆಂಪಿನ ಕಬ್ಬಿಣ. 578ರಲ್ಲಿ ಮೂರನೆಯ ಗುಹೆಯನ್ನು ಕೊರೆಸಿದ ಮಂಗಳೇಶನ ಶಿಲ್ಪಿಗಳಿಗೆ ಆ ಕೆಂಪು ವರವಾಗಿತ್ತು; ಒಂಟಿ ಎಲೆಕ್ಟ್ರಾನಿಗೆ ಕಿವಿಗೊಡುವವನಿಗೆ ಅದು ತಾನೇ ಕೂಗಾಡುವ ಪಾತ್ರೆ. ಎಳೆನೀರು ಇಡಲು ಉಪ್ಪಿನ ಗಡಿಗೆ ಆದೀತೇ? ಆದರೆ ಅದೇ ಗ್ರಾನೈಟಿನ, ಅದೇ ಮರಳುಗಲ್ಲಿನ ಒಳಗಿರುವ ಬೆಣಚುಕಲ್ಲಿನ ಜಾತಿಯನ್ನೇ ಶುದ್ಧಮಾಡಿ, ಕರಗಿಸಿ ಗಾಜು ಮಾಡಿದರೆ ಅದು ಸೊಗಸಾದ ಬಿಲ್ಲೆ. ಇಷ್ಟು ಹೇಳಿದ ಮೇಲೆ ಅಕ್ಕಾರ ಮುಖ ಅರಳಿತು.

ಶುದ್ಧವೆಂದುಕೊಂಡ ಕಲ್ಲೂ ಪೂರ್ತಿ ಶುದ್ಧವಿರುವುದಿಲ್ಲ. ನೀಲಮಣಿ ಎಂದರೆ ಅಲ್ಯುಮಿನಿಯಂ ಆಕ್ಸೈಡ್. ಅದರೊಳಗೆ ಕ್ರೋಮಿಯಂ ಸೇರಿದರೆ ಅದೇ ಮಾಣಿಕ್ಯ. ಕಣ್ಣಿಗೆ ತಿಳಿಯಾಗಿ ಕಾಣುವ ತುಂಡಿನಲ್ಲೂ ಕಣದಷ್ಟು ಕ್ರೋಮಿಯಂ, ಕಬ್ಬಿಣ ಉಳಿದಿದ್ದು, ಪ್ರಯೋಗದ ನಡುವೆ ತಮ್ಮ ಗೆರೆ ಎಳೆದುಬಿಡುತ್ತವೆ. ಟೈಟಾನಿಯಂ ಆಕ್ಸೈಡಿನ ರೂಟೈಲ್ ಅಲೆಯನ್ನು ಹತ್ತನೇ ಒಂದು ಪಾಲಿಗೆ ಗಿಡ್ಡಮಾಡುವಷ್ಟು ಗಟ್ಟಿಗ, ಆದರೆ ತುಸು ಬಿಸಿಯಾದರೂ ಅದರ ಶ್ರುತಿ ಜಾರುತ್ತದೆ. ನೀಲಮಣಿ ಹೆಚ್ಚು ನೆಚ್ಚಿಕೆಯದು. ಸುಮಾರು 10 ಗಿಗಾಹರ್ಟ್ಸಿನಲ್ಲಿ ಒಳ್ಳೆಯ ಲೋಹದ ಪಾತ್ರೆಯಲ್ಲಿ ಅಲೆಯ ಬಾಳಿಕೆಯ ಅಂಕಿ ಕೆಲವು ಸಾವಿರ. ನೀಲಮಣಿಯ ಮೊಗಸಾಲೆಯಲ್ಲಿ ಕೋಣೆಯ ಬಿಸುಪಿನಲ್ಲೇ 2 ಲಕ್ಷದ ಹತ್ತಿರ, ದ್ರವ ಹೀಲಿಯಂನ ಚಳಿಯಲ್ಲಿ ನೂರು ಕೋಟಿಯ ಹತ್ತಿರ. ಜಗತ್ತಿನ ಅತಿ ನಿಖರ ಮೈಕ್ರೊವೇವ್ ಆಂದೋಲಕಗಳಲ್ಲಿ ಕೆಲವು ಇಂಥ ನೀಲಮಣಿಯ ತುಂಡಿನ ಸುತ್ತಲೇ ಕಟ್ಟಿದವು.

ಇಂಥದ್ದೊಂದು ಬಿಲ್ಲೆ ಅಕ್ಕಾರ ಮನೆಯ ಮೇಲೇ ಇದೆ ಎಂದೆ. ಮಾಳಿಗೆಯ ಮೇಲಿನ ಹಳೆಯ ಟಿವಿ ಡಿಶ್. ಅದರ ತಟ್ಟೆಯ ಮುಂದೆ ಚಾಚಿದ ಕೈಯ ತುದಿಯ ಡಬ್ಬಿಯೊಳಗೆ, ಹಳೆಯ ಕಾಲದವುಗಳಲ್ಲಿ, ಮಾತ್ರೆಯಷ್ಟು ದೊಡ್ಡ ಸೆರಾಮಿಕ್ ಬಿಲ್ಲೆ ಇರುತ್ತದೆ. ಉಪಗ್ರಹದಿಂದ ಬಂದ ಅಲೆಯನ್ನು ಕೆಳಗಿಳಿಸಲು ಬೇಕಾದ ಶ್ರುತಿ ಹಿಡಿಯುವುದು ಅದೇ. ಅಕ್ಕಾರು ಮಾಳಿಗೆಯತ್ತ ಕತ್ತೆತ್ತಿ ಬಹಳ ಹೊತ್ತು ನೋಡಿದರು.

ಬನಶಂಕರಿ ಜಾತ್ರೆಗೆ ಹುಡುಗ ಊರಿಗೆ ಬಂದ. ತೇರು ನೋಡಿಕೊಂಡು, ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುವ ಸಪ್ಪಳ ಎದುರು ಬಂಡೆಗೆ ಹೊಡೆದು ಬರುವುದನ್ನು ಕೇಳಿಕೊಂಡು, ರಾತ್ರಿ ಇಳಕಲ್ಲಿಗೆ ಬಂದಿದ್ದ. ಬೆಳಗ್ಗೆ ನೀರು ಬಂತು. ಅವನೂ ಬೇಲಿಯ ಹತ್ತಿರ ಬಂದು, ಕಿಸೆಯಿಂದ ಹತ್ತಿಯಲ್ಲಿ ಸುತ್ತಿದ ಒಂದು ಬಿಲ್ಲೆ ತೆಗೆದು ಅಜ್ಜಿಯ ಅಂಗೈಯಲ್ಲಿಟ್ಟ. ಬೆಣಚುಗಾಜಿನದು, ನಾಣ್ಯದಷ್ಟು ಅಗಲ, ನೀರಿನಷ್ಟು ತಿಳಿ. ಕೆಲಸಕ್ಕೆ ಬರಲಿಲ್ಲ, ಅಲೆ ನಿಲ್ಲುತ್ತಿರಲಿಲ್ಲ, ಅದಕ್ಕೇ ತಂದೆ ಎಂದ.

ಅಕ್ಕಾರು ಅದನ್ನು ಕಣ್ಣಿನ ಹತ್ತಿರ ಒಯ್ಯಲಿಲ್ಲ. ಹಾಸಿನ ಎಳೆಯಲ್ಲಿ ಗಂಟು ಹುಡುಕುವ ಹಾಗೆ ಎರಡು ಬೆರಳಲ್ಲಿ ಹಿಡಿದು, ಹೆಬ್ಬೆರಳ ಉಗುರನ್ನು ಅಂಚಿಗೆ ಹಚ್ಚಿ ಮೆಲ್ಲಗೆ ತಿರುಗಿಸಿದರು. ಮುಕ್ಕಾಲು ಸುತ್ತಿಗೆ ಬೆರಳು ನಿಂತಿತು.

“ಇಲ್ಲೆ ಸಿಗತೈತಿ ನೋಡು” ಎಂದರು.

ಹುಡುಗ ಬಾಗಿ ಬಿಲ್ಲೆಯನ್ನು ಬಿಸಿಲಿಗೆ ಹಿಡಿದ. ಅಂಚಿನಲ್ಲಿ ಕೂದಲಷ್ಟು ಸಣ್ಣ ಮುಕ್ಕು ಇತ್ತು. ಅವನು ಅದನ್ನು ಮತ್ತೆ ಹತ್ತಿಯಲ್ಲಿ ಸುತ್ತುವಷ್ಟರಲ್ಲಿ ಅಕ್ಕಾರ ಕೈ ಹಿಂದಕ್ಕೆ ಹೋಗಿ ನಳ ತಿರುವಿತ್ತು.